ಐದು ಸೆಂಟ್ಸ್ ಜಾಗದ ಬದಿ ಎಷ್ಟು ಅಡಿ? ವರ್ಗಮೂಲ ಬಿಡಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ಜಾಗದ ಮಾತು ಬಂದರೆ ಲೆಕ್ಕ ಸೆಂಟ್ಸ್‌ನಲ್ಲೇ. ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸ್‌ಗೆ 435.6 ಚದರ ಅಡಿ. ಮಣಿಪಾಲದ ಹತ್ತಿರ ಐದು ಸೆಂಟ್ಸ್ ಜಾಗವಿದೆ, ಅದು ಸರಿಯಾದ ಚೌಕ ಎಂದಿಟ್ಟುಕೊಳ್ಳಿ. ಗುಡ್ಡ ತಗ್ಗಿಸಿ ಮಟ್ಟ ಮಾಡಿದ ನಮ್ಮ ಜಾಗಗಳು ಚೌಕವಾಗಿರುವುದು ಅಪರೂಪ; ಲೆಕ್ಕಕ್ಕೆ ಒಪ್ಪಿಕೊಳ್ಳೋಣ. ವಿಸ್ತೀರ್ಣ 2178 ಚದರ ಅಡಿ, ಹಾಗಾಗಿ ಒಂದು ಬದಿ √2178 ಅಡಿ. ಮೊಬೈಲಿನಲ್ಲಿ ಒತ್ತಿದರೆ 46.669 ಎಂದು ಶುರುವಾಗಿ ಮುಗಿಯದ ಅಂಕೆಗಳು ಬರುತ್ತವೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಯಲ್ಲಿ ಆ ಅನುಕೂಲವೂ ಇಲ್ಲ. ಕೈಯಲ್ಲೇ ಬಿಡಿಸೋಣ.

ಮೊದಲು ಅವಿಭಾಜ್ಯ ಅಪವರ್ತನ. 2, 3, 5, 7, 11 ಹೀಗೆ ಚಿಕ್ಕದರಿಂದ ಭಾಗಿಸುತ್ತಾ ಬನ್ನಿ. 2178 ಸಮಸಂಖ್ಯೆ, 2ರಿಂದ ಭಾಗಿಸಿದರೆ 1089. ಇದು ಬೆಸ, ಅಂಕೆಗಳನ್ನು ಕೂಡಿಸಿದರೆ 18, ಅಂದರೆ 3ರಿಂದ ಭಾಗವಾಗುತ್ತದೆ: 363. ಮತ್ತೆ 3ರಿಂದ: 121. ಅದು 11 × 11.

2178 = 2 × 3 × 3 × 11 × 11

ಇನ್ನು ಜೋಡಿ ಹುಡುಕಿ. 3ರದ್ದೊಂದು ಜೋಡಿ, 11ರದ್ದೊಂದು ಜೋಡಿ, 2 ಒಂಟಿ. ಜೋಡಿಯಿಂದ ಒಂದು ಹೊರಗೆ ಬರುತ್ತದೆ, ಒಂಟಿ ಒಳಗೇ ಉಳಿಯುತ್ತದೆ. ಹೊರಗೆ 3 × 11 = 33, ಒಳಗೆ 2.

√2178 = 33√2

ತಾಳೆ ನೋಡುವುದು ಸುಲಭ: 33 × 33 × 2 = 2178. ಈ ಒಂದು ಸಾಲನ್ನು ಬಿಡಬೇಡಿ.

ಇಷ್ಟು ಕಷ್ಟಪಟ್ಟು ಸಿಕ್ಕಿದ್ದೇನು? ಅದೇ ಜಾಗದ ಕರ್ಣ, ಅಂದರೆ ಮೂಲೆಯಿಂದ ಮೂಲೆಗೆ ಇರುವ ಉದ್ದ, ಕಂಡುಹಿಡಿಯಿರಿ. ಚೌಕದ ಕರ್ಣ ಬದಿಯ √2 ಪಟ್ಟು. 33√2 × √2 = 33 × 2 = 66 ಅಡಿ. ಕರಾರುವಾಕ್ಕು! 46.67ನ್ನು 1.414ರಿಂದ ಗುಣಿಸಿದ್ದರೆ 65.99 ಬರುತ್ತಿತ್ತು, ಉತ್ತರ ಸರಿಯಾಗಿ 66 ಎಂಬುದೇ ತಿಳಿಯುತ್ತಿರಲಿಲ್ಲ. 66 ಅಡಿ ಎಂದರೆ ಸರ್ವೆಯವರ ಹಳೆಯ ಸರಪಳಿಯ ಉದ್ದ. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ; ಹಾಗಾಗಿ 10 ಸೆಂಟ್ಸ್ ಎಂದರೆ 66 × 66 = 4356 ಚದರ ಅಡಿ. ಘಟ್ಟದ ಮೇಲಿನವರ ಒಂದು ಗುಂಟೆ 1089 ಚದರ ಅಡಿ, ಅದು 33 × 33. ಸೆಂಟ್ಸ್ ಲೆಕ್ಕ ಬಿಡಿಸಿದಾಗಲೆಲ್ಲ 11ರ ಜೋಡಿ ಎದುರಾಗುವುದು ಈ ಸರಪಳಿಯಿಂದಲೇ. ದಶಮಾಂಶದಲ್ಲಿ ಇದು ಕಾಣುವುದಿಲ್ಲ, ಅಪವರ್ತನದಲ್ಲಿ ಕಣ್ಣಿಗೆ ಹೊಡೆಯುತ್ತದೆ. ವರ್ಗಮೂಲವನ್ನು ಕೊನೆಯ ಹೆಜ್ಜೆಯವರೆಗೂ ಮೂಲಚಿಹ್ನೆಯಲ್ಲೇ ಉಳಿಸಿಕೊಳ್ಳಿ ಎಂದು ಮಕ್ಕಳಿಗೆ ಒತ್ತಿ ಹೇಳಬೇಕಾದದ್ದು ಇದಕ್ಕೇ.

ಅಭ್ಯಾಸವಾದ ಮೇಲೆ ಪ್ರತಿ ಸಲವೂ ಬುಡದಿಂದ ಒಡೆಯಬೇಕಿಲ್ಲ. 4, 9, 25, 49, 121 ಈ ಪೂರ್ಣವರ್ಗಗಳಲ್ಲಿ ಯಾವುದಾದರೂ ಭಾಗಿಸುತ್ತದೆಯೇ ನೋಡಿ. 20 ಸೆಂಟ್ಸ್ ಚೌಕಕ್ಕೆ √8712. ಕೊನೆಯ ಎರಡಂಕೆ 12, 4ರಿಂದ ಭಾಗವಾಗುತ್ತದೆ; 8712 = 4 × 2178. ಉತ್ತರ 2 × 33√2 = 66√2. ಐದು ಸೆಂಟ್ಸಿನದೂ ಇಪ್ಪತ್ತು ಸೆಂಟ್ಸಿನದೂ ರಸ್ತೆ ಬದಿಗೆ ಒಂದರ ಪಕ್ಕ ಒಂದಿದ್ದರೆ ಒಟ್ಟು ಮುಂಭಾಗ 33√2 + 66√2 = 99√2, ಸುಮಾರು 140 ಅಡಿ. ಒಳಗಿನ ಸಂಖ್ಯೆ ಒಂದೇ ಆಗಿದ್ದರೆ ಮಾತ್ರ ಹೀಗೆ ಕೂಡಿಸಬಹುದು. √2 + √3 ಹಾಗೆಯೇ ಉಳಿಯಬೇಕು. √9 + √16 ಎಂದರೆ 7, ಆದರೆ √(9 + 16) ಎಂದರೆ 5. ಇಲ್ಲಿ ಅಂಕ ಕಳೆದುಕೊಳ್ಳುವ ಮಕ್ಕಳು ಬಹಳ.

ಅರ್ಧಕ್ಕೆ ನಿಲ್ಲಿಸುವುದು ಇನ್ನೊಂದು ತೊಂದರೆ. √72ನ್ನು 3√8 ಎಂದು ಬರೆದು ಮುಗಿಸುತ್ತಾರೆ. 8ರೊಳಗೆ ಇನ್ನೂ 4 ಇದೆ. ಪೂರ್ತಿ ಉತ್ತರ 6√2. ಒಂದೇ ಸಂಖ್ಯೆ ಮೂರು ಸಲ ಬಂದರೆ ಒಂದು ಹೊರಗೆ, ಒಂದು ಒಳಗೆ.

ಭಾಗಿಸುವುದನ್ನು ಎಲ್ಲಿ ನಿಲ್ಲಿಸಬೇಕು? √428 = 2√107 ಆಯಿತು. 107 ಮುಂದೆ ಒಡೆಯುತ್ತದೆಯೇ? 2, 3, 5, 7 ಯಾವುದೂ ಭಾಗಿಸುವುದಿಲ್ಲ. ಮುಂದಿನ 11ರ ವರ್ಗವೇ 121, 107ಕ್ಕಿಂತ ದೊಡ್ಡದು. ಹಾಗಾಗಿ 107 ಅವಿಭಾಜ್ಯ, ಅಲ್ಲಿಗೆ ನಿಲ್ಲಿಸಿ.

ದಶಮಾಂಶ ಇದ್ದರೆ ಹೆದರಬೇಡಿ. 3 ಸೆಂಟ್ಸ್ ಎಂದರೆ 1306.8. ನೂರರಿಂದ ಗುಣಿಸಿ 1,30,680 ಮಾಡಿ. ಅದು 2 × 2 × 2 × 3 × 3 × 3 × 5 × 11 × 11. ಹೊರಗೆ 66, ಒಳಗೆ 30. ನೂರರ ವರ್ಗಮೂಲ 10ರಿಂದ ಭಾಗಿಸಿದರೆ 6.6√30, ಸುಮಾರು 36.15 ಅಡಿ.

ಇನ್ನು ಇವನ್ನು ನೀವೇ ಬಿಡಿಸಿ: 15 ಸೆಂಟ್ಸ್‌ಗೆ √6534, 30 ಸೆಂಟ್ಸ್‌ಗೆ √13068, 40 ಸೆಂಟ್ಸ್‌ಗೆ √17424. ಉತ್ತರ ಕ್ರಮವಾಗಿ 33√6, 66√3 ಮತ್ತು 132.