ದೊಡ್ಡ ಡ್ರ್ಯಾಗನ್ ರೋಬೋ ಕೊಳ್ಳುವ ಮುಂಚೆ ಸೊಂಟ ಹಿಡಿದು ನೋಡಿ

ಡ್ರ್ಯಾಗನ್‌ನಿಂದ ರೋಬೋ ಆಗುವ ದೊಡ್ಡ ಫಿಗರ್, ಅಂದರೆ ಆಟಿಕೆ ಗೊಂಬೆ, ಕೈಗೆ ಸಿಕ್ಕ ತಕ್ಷಣ ಎಲ್ಲರೂ ಮೊದಲು ರೆಕ್ಕೆ ಬಿಚ್ಚಿ ನೋಡುತ್ತಾರೆ. ರೆಕ್ಕೆ ಚೆನ್ನಾಗಿಯೇ ಇರುತ್ತದೆ. ಡಬ್ಬದ ಮೇಲಿನ ಫೋಟೋ ತೆಗೆಯೋದೇ ರೆಕ್ಕೆಗೋಸ್ಕರ ಅಲ್ವಾ. ನೀವು ಮಾತ್ರ ಮೊದಲು ಸೊಂಟ ನೋಡಿ. ಒಂದು ಕೈಯಲ್ಲಿ ಮೈ ಹಿಡಿದು ಅಡ್ಡ ಮಲಗಿಸಿ, ಇನ್ನೊಂದು ಕೈಯಲ್ಲಿ ಒಂದು ಕಾಲನ್ನು ಪೂರ್ತಿ ಪಕ್ಕಕ್ಕೆ ಎತ್ತಿ ಬಿಟ್ಟುಬಿಡಿ. ಅಲ್ಲೇ ನಿಂತರೆ ಮುಂದಿನ ಪರೀಕ್ಷೆಗೆ ಹೋಗಿ. ತನ್ನ ತೂಕಕ್ಕೇ ಜಾರಿ ಕೆಳಗೆ ಬಂದರೆ, ಉಳಿದದ್ದು ಎಷ್ಟೇ ಚೆಂದ ಇರಲಿ, ಆ ಗೊಂಬೆ ನಿಮ್ಮ ಕಪಾಟಿನಲ್ಲಿ ಗೋಡೆಗೆ ಒರಗಿಕೊಂಡೇ ಇರುತ್ತದೆ.

ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಒಂದು ಗೊಂಬೆಯನ್ನು ಹಾಗೆಯೇ 1.3 ಪಟ್ಟು ದೊಡ್ಡದು ಮಾಡಿದರೆ ಅದರ ತೂಕ 1.3 ಪಟ್ಟು ಆಗೋದಿಲ್ಲ, ಸುಮಾರು 2.2 ಪಟ್ಟು ಆಗುತ್ತದೆ. ಆ ತೂಕ ಹೊರಬೇಕಾದ ಕೀಲಿನ ಒಳಗೆ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಾಗುವ ಜಾಗ ಮಾತ್ರ ಸುಮಾರು 1.7 ಪಟ್ಟು ಬೆಳೆಯುತ್ತದೆ. ಅದರ ಮೇಲೆ ಕಾಲೂ ಉದ್ದ ಆಗಿರುತ್ತದೆ, ರೆಕ್ಕೆಯೂ ಉದ್ದ ಆಗಿರುತ್ತದೆ, ಅವು ಸನ್ನೆಕೋಲಿನ ಹಾಗೆ ಕೀಲನ್ನು ಎಳೆಯುತ್ತವೆ. ಚಿಕ್ಕ ಫಿಗರ್‌ನಲ್ಲಿ ಸಾಕಾಗುವ ಸಾದಾ ಬಾಲ್ ಜಾಯಿಂಟ್, ಅಂದರೆ ಗುಂಡೊಂದು ಕುಳಿಯೊಳಗೆ ತಿರುಗುವ ಕೀಲು, ದೊಡ್ಡದರಲ್ಲಿ ಸಾಕಾಗದೇ ಇರೋದು ಇದಕ್ಕೇ. ಹಾಗಾಗಿ ದೊಡ್ಡ ಗೊಂಬೆಯ ಸೊಂಟ ಮತ್ತು ರೆಕ್ಕೆಯ ಬುಡದಲ್ಲಿ ರ್‍ಯಾಚೆಟ್ ಇರಬೇಕು, ಅಂದರೆ ಟಕ್ ಟಕ್ ಅಂತ ಹಲ್ಲು ಹಲ್ಲಾಗಿ ತಿರುಗುವ ಕೀಲು. ಆ ಸದ್ದು ಗಟ್ಟಿಯಾಗಿ, ಎರಡೂ ಕಡೆ ಒಂದೇ ಥರ ಕೇಳಬೇಕು. ಒಂದು ಕಾಲು ಟಕ್ ಅಂತ, ಇನ್ನೊಂದು ಮೆತ್ತಗೆ ಕರ್ ಅಂತ ತಿರುಗಿದರೆ ಒಳಗೆ ಹಲ್ಲು ಸವೆದಿದೆ ಅಂತ ಅರ್ಥ.

ರ್‍ಯಾಚೆಟ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಲ್ಲುಗಳು ತೀರಾ ದೂರ ದೂರ ಇದ್ದರೆ ಇನ್ನೊಂದು ತೊಂದರೆ. ಒಂದು ಹಲ್ಲಿಗೆ ನಿಲ್ಲಿಸಿದರೆ ರೋಬೋ ಮುಂದಕ್ಕೆ ಬಾಗುತ್ತದೆ, ಮುಂದಿನ ಹಲ್ಲಿಗೆ ಹೋದರೆ ಹಿಂದಕ್ಕೆ ವಾಲುತ್ತದೆ, ನೆಟ್ಟಗೆ ನಿಲ್ಲುವ ಜಾಗ ಎರಡರ ಮಧ್ಯೆ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಕಾಲನ್ನು ಮುಂದಿನಿಂದ ಹಿಂದಕ್ಕೆ ಪೂರ್ತಿ ತಿರುಗಿಸಿ ಎಷ್ಟು ಟಕ್ ಬರುತ್ತದೆ ಅಂತ ಎಣಿಸಿ. ಜಾಸ್ತಿ ಬಂದಷ್ಟೂ ಒಳ್ಳೆಯದು.

ಇನ್ನು ಯಾವ ಡ್ರ್ಯಾಗನ್ ಕೊಳ್ಳುತ್ತಿದ್ದೀರಿ ಅನ್ನೋದು ನಿಮಗೆ ಸ್ಪಷ್ಟವಾಗಿ ಗೊತ್ತಿರಬೇಕು, ಯಾಕಂದರೆ ಹೆಸರಿನಲ್ಲೇ ಜನ ಎಡವುತ್ತಾರೆ. ರೂಪ ಬದಲಿಸುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳಲ್ಲಿ ಪ್ರಿಡಾಕಿಂಗ್ ಅಂತ ಹುಡುಕಿದರೆ ಎರಡು ಬೇರೆ ಬೇರೆ ಆಟಿಕೆ ಸಿಗುತ್ತವೆ. 1986ರದ್ದು ಡ್ರ್ಯಾಗನ್ ಅಲ್ಲವೇ ಅಲ್ಲ. ಸಿಂಹ, ಹುಲಿ, ಹದ್ದು, ಗೂಳಿ, ಖಡ್ಗಮೃಗ, ಹೀಗೆ ಐದು ಸೇರಿ ಒಂದು ರೋಬೋ ಆಗುವ ಸೆಟ್ ಅದು. 2013ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಪ್ರೈಮ್ ಸರಣಿಯ ಬೀಸ್ಟ್ ಹಂಟರ್ಸ್ ಭಾಗಕ್ಕೆ ಬಂದದ್ದು ನಿಜವಾದ ಡ್ರ್ಯಾಗನ್. ಅದರಲ್ಲೂ ವಾಯೇಜರ್ ಅನ್ನುವ ಅಳತೆಯದ್ದು ರೋಬೋ ಆದಾಗ ಸುಮಾರು 7 ಇಂಚು ಅಷ್ಟೇ, ದೊಡ್ಡದು ಅಂತ ಆಸೆಪಟ್ಟು ತರಿಸಿದವರಿಗೆ ನಿರಾಸೆ ಆಗುತ್ತದೆ. ಟ್ರಾನ್ಸ್‌ಫಾರ್ಮರ್ಸ್‌ನದೇ ಇನ್ನೊಂದು ಸರಣಿ ಬೀಸ್ಟ್ ವಾರ್ಸ್‌ನ ಕೆಂಪು ಡ್ರ್ಯಾಗನ್ ಮೆಗಾಟ್ರಾನ್ 1999ರ ಕಾಲದ್ದು. ಇವತ್ತು ಹಳೆಯದು ಸಿಕ್ಕರೆ 25 ವರ್ಷ ದಾಟಿದ ಪ್ಲಾಸ್ಟಿಕ್ ಅಂತ ನೆನಪಿಟ್ಟುಕೊಂಡೇ ಮುಟ್ಟಬೇಕು.

ಟಿವಿಯಲ್ಲಿ ಪವರ್ ರೇಂಜರ್ಸ್ ಸರಣಿ ನೋಡಿ ಬೆಳೆದವರಿಗೆ ಅದರಲ್ಲಿನ ಡ್ರ್ಯಾಗನ್ ರೋಬೋ ಡ್ರ್ಯಾಗನ್‌ಝೋರ್ಡ್ ಮೇಲೆ ಪ್ರೀತಿ. 1992ರ ಜಪಾನಿ ಸರಣಿ ಝ್ಯೂರೇಂಜರ್‌ನಲ್ಲಿ ಅದರ ಹೆಸರು ಡ್ರ್ಯಾಗನ್ ಸೀಸರ್. ಅದನ್ನು ಕೊಳ್ಳುವಾಗ ಒಂದು ವಿಷಯ ಕೇಳಲೇಬೇಕು: ಒಂಟಿಯಾಗಿ ಬರುತ್ತದಾ, ಜೊತೆಗಾರರ ಸಮೇತ ಬರುತ್ತದಾ? ಅದು ಯೋಧನ ರೂಪಕ್ಕೆ ಬರಬೇಕಾದರೆ ಮ್ಯಾಸ್ಟಡಾನ್, ಟ್ರೈಸೆರಾಟಾಪ್ಸ್, ಕೋರೆಹಲ್ಲಿನ ಹುಲಿ, ಈ ಮೂರು ಪ್ರಾಣಿ ರೋಬೋಗಳೂ ಬೇಕು. ಅವು ಮೆಗಾಝೋರ್ಡ್ ಅನ್ನುವ ಬೇರೆ ಸೆಟ್‌ಗೆ ಸೇರಿದವು. ಇದು ಗೊತ್ತಿಲ್ಲದೆ ಕೊಂಡರೆ ಕೈಯಲ್ಲಿ ಡ್ರ್ಯಾಗನ್ ಮಾತ್ರ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ನಾನು ಒಮ್ಮೆ ಬರೀ ಫೋಟೋ ನೋಡಿ ಒಂದು ದೊಡ್ಡ ಡ್ರ್ಯಾಗನ್ ತರಿಸಿಕೊಂಡೆ. ಆರು ಫೋಟೋ ಇದ್ದವು, ಆರರಲ್ಲೂ ರೋಬೋ ಗೋಡೆಗೆ ತಾಗಿಕೊಂಡೇ ನಿಂತಿತ್ತು. ಅದನ್ನು ನಾನು ಗಮನಿಸಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಬಲ ಸೊಂಟದ ರ್‍ಯಾಚೆಟ್ ಪೂರ್ತಿ ಹೋಗಿತ್ತು. ತಿಂಗಳುಗಟ್ಟಲೆ ಉಳಿಸಿದ ದುಡ್ಡು, ತುಂಬಾ ಬೇಜಾರಾಯಿತು. ಅಂದಿನಿಂದ ನಾನು ಮಾರುವವರನ್ನು ಕೇಳೋದು ಇಷ್ಟು: ರೋಬೋ ಯಾವ ಆಸರೆಯೂ ಇಲ್ಲದೆ ಮೇಜಿನ ಮೇಲೆ ನಿಂತಿರುವ ಹತ್ತು ಸೆಕೆಂಡಿನ ವಿಡಿಯೋ, ಅದರಲ್ಲಿ ಕೈಯಿಂದ ಮೇಜನ್ನು ಎರಡು ಸಲ ತಟ್ಟಬೇಕು. ಆಮೇಲೆ ಬೆನ್ನಿನ ಫೋಟೋ, ಪಾದದ ತಳದ ಫೋಟೋ, ಬ್ಯಾಟರಿ ಇದ್ದರೆ ಅದರ ಮುಚ್ಚಳ ತೆಗೆದ ಫೋಟೋ. ಒಳಗಿನ ತಗಡಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಬ್ಯಾಟರಿ ಸೋರಿದೆ. ನಿಜವಾಗಿ ಒಳ್ಳೆ ಸ್ಥಿತಿಯಲ್ಲಿರುವ ಗೊಂಬೆ ಮಾರುವವರು ಇದಕ್ಕೆ ಬೇಸರ ಮಾಡಿಕೊಳ್ಳೋದಿಲ್ಲ.

ಗೊಂಬೆ ನಿಮ್ಮ ಮೇಜಿಗೆ ಬಂತು ಅಂದುಕೊಳ್ಳಿ. ಮೊದಲು ಡ್ರ್ಯಾಗನ್ ರೂಪದಲ್ಲೇ ನೋಡಿ. ನಾಲ್ಕು ಕಾಲೂ ನೆಲಕ್ಕೆ ತಾಗುತ್ತವಾ? ಮುಂಗಾಲು ಅಂತ ತೋರಿಸುತ್ತಿರೋದು ನಿಜವಾಗಿ ಮುಂಗಾಲಾ, ಇಲ್ಲ ರೋಬೋ ಕೈಯನ್ನೇ ಮಡಚಿ ಹೊಟ್ಟೆ ಕೆಳಗೆ ತುರುಕಿದ್ದಾರಾ? ತಲೆಕೆಳಗು ಮಾಡಿ ನೋಡಿ. ರೋಬೋ ಮುಖ ಹೊಟ್ಟೆಯಲ್ಲಿ ಹಾಗೇ ಕಣ್ಣಿಗೆ ಕಾಣುವಂತಿದ್ದರೆ ಅಚ್ಚು ಮಾಡಿದವರು ಅಷ್ಟು ತಲೆ ಕೆಡಿಸಿಕೊಂಡಿಲ್ಲ ಅಂತ ಅರ್ಥ. ಕುತ್ತಿಗೆ ತುಂಬಾ ಮುಖ್ಯ. ಡ್ರ್ಯಾಗನ್‌ಗೆ ಜೀವ ಬರೋದೇ ಕುತ್ತಿಗೆಯಿಂದ. ಕನಿಷ್ಠ ಎರಡು ಕಡೆ ಬಾಗಬೇಕು, ಬಾಯಿ ತೆರೆಯಬೇಕು, ತಲೆ ಪಕ್ಕಕ್ಕೆ ತಿರುಗಬೇಕು. ಬಾಲ ಒಂದೇ ತುಂಡಾಗಿ ಕೋಲಿನ ಹಾಗೆ ಇದ್ದರೆ ನನಗಂತೂ ಮನಸ್ಸಿಗೆ ಹಿಡಿಸೋದಿಲ್ಲ.

ಆಮೇಲೆ ಮೋಡ್ ಬದಲಿಸುವ ಕೆಲಸ, ಅಂದರೆ ಡ್ರ್ಯಾಗನ್ ರೂಪದಿಂದ ರೋಬೋ ಮಾಡೋದು. ಮೊದಲ ಸಲ ಡಬ್ಬದಲ್ಲಿ ಬರುವ ಸೂಚನೆಯ ಪುಸ್ತಕ ಎದುರಿಗಿಟ್ಟುಕೊಂಡು, ಅರ್ಧ ಗಂಟೆ ಬೇಕಾದರೂ ತಗೊಂಡು, ನಿಧಾನವಾಗಿ ಮಾಡಿ. ಗಟ್ಟಿ ಅನ್ನಿಸಿದ ಕಡೆ ಬಲ ಹಾಕಬೇಡಿ. ಎಲ್ಲೋ ಒಂದು ಗೂಟ ತೂತಿನಿಂದ ಪೂರ್ತಿ ಹೊರಗೆ ಬಂದಿರೋದಿಲ್ಲ, ಅದನ್ನು ಹುಡುಕಿ. ಹೊಸ ಗೊಂಬೆಯ ಕೀಲು ತೀರಾ ಬಿಗಿ ಇದ್ದರೆ ಹೇರ್ ಡ್ರೈಯರ್‌ನಿಂದ ದೂರದಿಂದಲೇ ಸ್ವಲ್ಪ ಬೆಚ್ಚಗೆ ಮಾಡಿ ತಿರುಗಿಸಿ. ಪ್ಲಾಸ್ಟಿಕ್ ಬಾಗುವ ಜಾಗದಲ್ಲಿ ಬೆಳ್ಳಗೆ ಗೆರೆ ಮೂಡಿದರೆ ತಕ್ಷಣ ನಿಲ್ಲಿಸಿ. ಅದು ಒಡೆಯುವ ಮುಂಚಿನ ಸೂಚನೆ.

ಇಲ್ಲಿ ನೀವು ತೂಗಿ ನೋಡಬೇಕಾದ ವಿಷಯ ಹೆಜ್ಜೆಗಳ ಎಣಿಕೆ ಅಲ್ಲ. ನಲವತ್ತು ಹೆಜ್ಜೆ ಇದ್ದರೂ ಪ್ರತಿ ಹೆಜ್ಜೆಗೂ ಒಂದು ಕಾರಣ ಇದ್ದರೆ ಅದು ಖುಷಿಯ ಕೆಲಸ. ಎದೆಯ ಫಲಕ ತಿರುಗಿದಾಗ ಅದೇ ಚಲನೆಯಲ್ಲಿ ರೋಬೋ ತಲೆ ಮೇಲೆ ಬಂದರೆ, ಡ್ರ್ಯಾಗನ್‌ನ ಹಿಂಗಾಲೇ ರೋಬೋ ಕಾಲಾಗಿ ನೆಟ್ಟಗಾದರೆ, ಅದನ್ನು ಮಾಡಿದವರ ಮೇಲೆ ಗೌರವ ಬರುತ್ತದೆ. ಅದರ ಬದಲು ತಲೆ ಕಿತ್ತು ಪಕ್ಕಕ್ಕಿಡಿ, ಬಾಲ ಕಿತ್ತು ಕತ್ತಿ ಅಂತ ಹಿಡಿಸಿ, ರೆಕ್ಕೆ ಕಿತ್ತು ಬೆನ್ನಿಗೆ ಚುಚ್ಚಿ ಅಂತ ಹೇಳಿದರೆ ನನಗೆ ಅದು ರೂಪ ಬದಲಾವಣೆ ಅನ್ನಿಸೋದಿಲ್ಲ. ಬಾಲ ಆಯುಧ ಆಗೋದನ್ನು ಮಾತ್ರ ಒಪ್ಪುತ್ತೇನೆ, ಡ್ರ್ಯಾಗನ್‌ಝೋರ್ಡ್‌ನಲ್ಲೂ ಬಾಲವೇ ಈಟಿ ಆಗುತ್ತದೆ. ಇನ್ನೊಂದು ಥರದ್ದೂ ಇದೆ: ಒಳಗೆ ಪೂರ್ತಿ ರೋಬೋ, ಹೊರಗೆ ಡ್ರ್ಯಾಗನ್ ಚರ್ಮದ ಚಿಪ್ಪು. ಬಿಚ್ಚಿದಾಗ ಆ ಚಿಪ್ಪೆಲ್ಲ ಬೆನ್ನ ಮೇಲೆ ಮೂಟೆಯಾಗಿ ಕೂರುತ್ತದೆ. ಪಕ್ಕದಿಂದ ನೋಡಿ. ಬೆನ್ನಿನ ಮೂಟೆ ಎದೆಗಿಂತ ದಪ್ಪ ಇದ್ದರೆ ಮುಂದಿನಿಂದ ತೆಗೆದ ಫೋಟೋದಲ್ಲಿ ಮಾತ್ರ ಅದು ಚೆಂದ.

ಮೂರು ಸಲ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಮಾಡಿ. ಮೂರನೆಯ ಸಲವೂ ಗೂಟಗಳು ಟಕ್ ಅಂತ ಕೂರಬೇಕು. ಕೂತ ಮೇಲೆ ಗೊಂಬೆಯನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿ. ಲಟಲಟ ಅಂತ ಸದ್ದು ಬಂದರೆ, ಅಥವಾ ಎದೆ ತಾನಾಗೇ ಬಿಚ್ಚಿಕೊಂಡರೆ ಲಾಕ್ ಸರಿ ಇಲ್ಲ.

ರೋಬೋ ರೂಪದಲ್ಲಿ ರೆಕ್ಕೆಯ ತೂಕ ಪೂರ್ತಿ ಬೆನ್ನಿಗೆ ಬೀಳುತ್ತದೆ. ಡ್ರ್ಯಾಗನ್ ರೋಬೋಗಳೆಲ್ಲ ಹಿಂದಕ್ಕೆ ಬೀಳೋದು ಇದಕ್ಕೇ. ಅದನ್ನು ತಡೆಯೋದು ಹಿಮ್ಮಡಿ. ಪಾದದ ಹಿಂದೆ ಚಾಚಿಕೊಂಡ ಒಂದು ಉಗುರು ಅಥವಾ ಮಡಚುವ ಹಿಮ್ಮಡಿ ಇದೆಯಾ ನೋಡಿ, ಪಾದ ಒಳಗೆ ಹೊರಗೆ ವಾಲುತ್ತದಾ ನೋಡಿ. ಕಾಲು ಅಗಲಿಸಿದಾಗಲೂ ಪಾದ ನೆಲಕ್ಕೆ ಅಂಟಿಕೊಂಡಿರಬೇಕು. ಆಮೇಲೆ ರೆಕ್ಕೆ ಪೂರ್ತಿ ಬಿಚ್ಚಿ, ಒಂದು ಕೈ ಮುಂದೆ ಚಾಚಿ, ಒಂದು ಕಾಲು ಸ್ವಲ್ಪ ಮುಂದಿಟ್ಟು ನಿಲ್ಲಿಸಿ. ಇಷ್ಟಕ್ಕೆ ನಿಂತರೆ ಸಾಕು, ಒಂಟಿ ಕಾಲಿನಲ್ಲಿ ನಿಲ್ಲಲಿ ಅಂತ ಇಷ್ಟು ದೊಡ್ಡ ಗೊಂಬೆಯಿಂದ ಕೇಳೋದು ನ್ಯಾಯ ಅಲ್ಲ.

ಪ್ಲಾಸ್ಟಿಕ್ ವಿಷಯಕ್ಕೆ ಬಂದರೆ, ಡ್ರ್ಯಾಗನ್ ರೆಕ್ಕೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕೋದು ಜಾಸ್ತಿ. ಬೆಳಕಿಗೆ ಹಿಡಿದರೆ ಬೆಂಕಿಯ ಹಾಗೆ ಹೊಳೆಯುತ್ತದೆ, ನನಗೂ ಅದು ಇಷ್ಟ. ಆದರೆ ಆ ಪ್ಲಾಸ್ಟಿಕ್ ಬಿರುಸು, ಬಾಗೋದಿಲ್ಲ, ಒಡೆಯುತ್ತದೆ. ರೆಕ್ಕೆಯ ಹಾಳೆ ಪಾರದರ್ಶಕ ಆಗಿದ್ದರೆ ಪರವಾಗಿಲ್ಲ. ರೆಕ್ಕೆಯ ಕೀಲೇ ಪಾರದರ್ಶಕ ಆಗಿದ್ದರೆ ಯೋಚನೆ ಮಾಡಿ. ಕೀಲಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಹಳೆಯ ಗೊಂಬೆಗಳಲ್ಲಿ ಇನ್ನೊಂದು ಅಪಾಯ ಚಿನ್ನದ ಬಣ್ಣ. 80ರ ದಶಕದ ಕೊನೆ ಮತ್ತು 90ರ ದಶಕದ ಕೆಲವು ಆಟಿಕೆಗಳಲ್ಲಿ ಪ್ಲಾಸ್ಟಿಕ್ ಒಳಗೇ ಲೋಹದ ಹೊಳಪಿನ ಚೂರು ಬೆರೆಸುತ್ತಿದ್ದರು. ಮೇಲೆ ಬಳಿದ ಬಣ್ಣ ಅಲ್ಲ, ಒಳಗಿನಿಂದಲೇ ಸುಳಿ ಸುಳಿಯಾಗಿ ಕಾಣುತ್ತದೆ. ಅದು ವರ್ಷಗಳು ಕಳೆದಂತೆ ಬಿಸ್ಕತ್ತಿನ ಹಾಗೆ ಪುಡಿ ಆಗುತ್ತದೆ. ಡಬ್ಬ ತೆರೆಯದೇ ಇಟ್ಟಿದ್ದರೂ ಆಗುತ್ತದೆ, ರಿಪೇರಿ ಇಲ್ಲ. ಸಂಗ್ರಹ ಮಾಡುವವರು ಇದನ್ನು ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಅನ್ನುತ್ತಾರೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟಿದ್ದ ಬಿಳಿ, ಬೂದು ಭಾಗಗಳು ಹಳದಿ ಆಗಿರೋದೂ ಸಾಮಾನ್ಯ. ಹೊಳೆಯುವ ಕ್ರೋಮ್ ಲೇಪ ಕಿತ್ತು ಬಂದಿದ್ದರೆ ಅದನ್ನು ಮತ್ತೆ ಅಂಟಿಸೋಕೆ ಆಗೋದಿಲ್ಲ.

ನಕಲಿ ಮಾಲಿನಲ್ಲಿ ಮೂಲಕ್ಕಿಂತ ದೊಡ್ಡದಾಗಿ ಮಾಡಿದ್ದು ಜಾಸ್ತಿ ಓಡುತ್ತದೆ. ಕಡಿಮೆ ಬೆಲೆಗೆ ದೊಡ್ಡ ಡ್ರ್ಯಾಗನ್ ಅಂದರೆ ಯಾರಿಗೆ ಬೇಡ. ಆದರೆ ಮೇಲೆ ಹೇಳಿದ ಲೆಕ್ಕ ಕಚ್ಚೋದು ಅಲ್ಲೇ, ಚಿಕ್ಕದಕ್ಕೆ ಅಂತ ಯೋಚಿಸಿದ ಕೀಲನ್ನು ಹಿಗ್ಗಿಸಿ ಎರಡು ಪಟ್ಟಿಗೂ ಜಾಸ್ತಿ ತೂಕ ಹೇರಿರುತ್ತಾರೆ. ಮೂಲ ಗೊಂಬೆಯ ಮೈಮೇಲೆ ಎಲ್ಲೋ ಒಂದು ಕಡೆ, ಸಾಮಾನ್ಯವಾಗಿ ಕಾಲು ಅಥವಾ ರೆಕ್ಕೆಯ ಒಳಗೆ, ಕಂಪನಿಯ ಹೆಸರು ಮತ್ತು ವರ್ಷ ಅಚ್ಚಾಗಿರುತ್ತದೆ. ಅದನ್ನು ಒರೆಸಿ ಹಾಕಿದ ಗುರುತು ಕಂಡರೆ ಅನುಮಾನ ಪಡಿ.

ಬೆಲೆ ಲೆಕ್ಕ ಹಾಕುವಾಗ ನಮ್ಮ ದೇಶದ ನಿಯಮ ಮರೆಯಬೇಡಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಹೊರದೇಶದ ಬೆಲೆ ನೋಡಿ ಕಡಿಮೆ ಅಂದುಕೊಂಡು ತರಿಸಿದರೆ ಮನೆ ಬಾಗಿಲಿಗೆ ಬರುವಾಗ ಲೆಕ್ಕವೇ ಬೇರೆ. 2021ರ ಜನವರಿ 1ರಿಂದ ಇಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮಗುವಿಗೆ ಅಂತ ಕೊಳ್ಳುತ್ತಿದ್ದರೆ ಡಬ್ಬದ ಮೇಲೆ ಆ ಗುರುತು ನೋಡಿಯೇ ಕೊಳ್ಳಿ, ವಯಸ್ಸಿನ ಸೂಚನೆಯನ್ನೂ ಓದಿ. ಬೆಳಕು ಬರುವ ಗೊಂಬೆಯಲ್ಲಿ ಗುಂಡಿ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಚಿಕ್ಕ ಮಗು ಅದನ್ನು ನುಂಗಿದರೆ ಜೀವಕ್ಕೇ ಅಪಾಯ.

ಚಿಕ್ಕ ಪುಟ್ಟ ಸಡಿಲಕ್ಕೆ ಹೆದರಬೇಕಾಗಿಲ್ಲ. ಸ್ಕ್ರೂ ಇರುವ ಕೀಲಾದರೆ ಸ್ಕ್ರೂವನ್ನು ನಾಲ್ಕನೇ ಒಂದು ಸುತ್ತು ಬಿಗಿ ಮಾಡಿದರೆ ಸಾಕು. ಬಾಲ್ ಜಾಯಿಂಟ್ ಸಡಿಲ ಇದ್ದರೆ ಗುಂಡನ್ನು ಹೊರಗೆ ತೆಗೆದು ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಲೋಹದ ಕಡ್ಡಿ ಹೊಡೆದು ಕೂರಿಸಿದ ಕೀಲು ಮತ್ತು ಸವೆದ ರ್‍ಯಾಚೆಟ್ ಮಾತ್ರ ಮನೆಯಲ್ಲಿ ಸುಲಭಕ್ಕೆ ಸರಿ ಆಗೋದಿಲ್ಲ, ಅದಕ್ಕೇ ಮೊದಲು ಸೊಂಟ ನೋಡಿ ಅಂದದ್ದು.

ಕೊನೆಯ ಪರೀಕ್ಷೆಯನ್ನು ಪಾರ್ಸೆಲ್ ಬಂದ ದಿನವೇ ಮಾಡಿ, ವಾಪಸ್ ಕಳಿಸುವ ಅವಧಿ ಕೈಯಲ್ಲಿರುವಾಗಲೇ. ರಾತ್ರಿ ಡ್ರ್ಯಾಗನ್ ರೂಪದಲ್ಲಿ ಕುತ್ತಿಗೆ ಎತ್ತಿ, ರೆಕ್ಕೆ ಬಿಚ್ಚಿ ಗೋಡೆಯಿಂದ ಸ್ವಲ್ಪ ಮುಂದೆ ನಿಲ್ಲಿಸಿ. ಹಿಂದಿನ ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿ, ಮೂತಿ ಮತ್ತು ಎರಡೂ ರೆಕ್ಕೆಯ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಎಲ್ಲಿ ಕೂತು ನೋಡಿದಿರೋ ಅದನ್ನೂ ನೆನಪಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಅದೇ ಜಾಗದಲ್ಲಿ ಕೂತು ನೋಡಿ. ಗುರುತಿನ ಮೇಲೇ ಇದ್ದರೆ ಡಬ್ಬ ಅಟ್ಟಕ್ಕೆ ಹಾಕಬಹುದು. ಒಂದು ಬೆರಳಿನಷ್ಟು ಕೆಳಗೆ ಇಳಿದಿದ್ದರೆ ಡಬ್ಬಕ್ಕೆ ತುಂಬಿ ಅವತ್ತೇ ವಾಪಸ್ ಕಳಿಸಿ.