ಹಳೆಯ ವೈನ್ ಕೊಳ್ಳುವ ಮುಂಚೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆಗಳು

ಹಳೆಯ ವೈನ್ ಕೊಳ್ಳುವ ಮುಂಚೆ ನಾನು ಅಂಗಡಿಯವರಿಗೆ ಒಂದು ಮೇಲ್ ಹಾಕುತ್ತೇನೆ. ಅದರಲ್ಲಿ ಮೂರೇ ಪ್ರಶ್ನೆ. ಈ ಬಾಟಲಿ ನಿಮಗೆ ಯಾರಿಂದ ಬಂತು? ಇಷ್ಟು ದಿನ ಎಲ್ಲಿಟ್ಟಿದ್ದಿರಿ? ನನಗೆ ಕಳಿಸುವ ಅದೇ ಬಾಟಲಿಯ ಫೋಟೊ ಕೊಡುತ್ತೀರಾ? ದುಡ್ಡು ಕೊಡಬೇಕೋ ಬೇಡವೋ ಅನ್ನೋದು ಬರುವ ಉತ್ತರದಲ್ಲೇ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ.

ಫ್ರಾನ್ಸಿನ ಬೋರ್ಡೊ ಪ್ರದೇಶದ, 1996ರ ಒಂದು ಕೆಂಪು ವೈನ್ ಹುಡುಕುತ್ತಿದ್ದಾಗ ಇಬ್ಬರಿಗೆ ಹೀಗೆ ಬರೆದೆ. ಒಬ್ಬರು "ನಮ್ಮ ಮಾಲೆಲ್ಲ ಚೆನ್ನಾಗೇ ಇದೆ ಮೇಡಂ" ಅಂದು ಸುಮ್ಮನಾದರು. ಫೋಟೊ ಬರಲಿಲ್ಲ. ಇನ್ನೊಬ್ಬರು ಬಾಟಲಿಯ ಹಿಂದೆ ಟಾರ್ಚ್ ಹಿಡಿದು ಫೋಟೊ ತೆಗೆದು ಕಳಿಸಿದರು. ವೈನ್ ಬಾಟಲಿಯ ಭುಜದ, ಅಂದರೆ ಕುತ್ತಿಗೆಯ ಕೆಳಗೆ ಅಗಲವಾಗುವ ಜಾಗದ, ನಡುವಿಗೆ ಇಳಿದಿತ್ತು. ಕೆಳಗೆ ಅವರೇ ಬರೆದಿದ್ದರು: "ನಾನಾದರೆ ಇದನ್ನು ತಗೊಳ್ಳಲ್ಲ. ಇದೇ ವರ್ಷದ್ದು ಇನ್ನೊಂದಿದೆ. ಲೇಬಲ್ ಹರಿದಿದೆ, ಆದರೆ ವೈನ್ ಕುತ್ತಿಗೆವರೆಗೂ ಇದೆ." ಹರಿದ ಲೇಬಲ್ಲಿನದ್ದನ್ನೇ ತರಿಸಿಕೊಂಡೆ.

ಫೋಟೊದಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ ಮಾತುಕತೆ ಸಲೀಸು. ಕಾರ್ಕ್ ಮೂಲಕ ವೈನ್ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆರುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಸೇರುತ್ತದೆ. ಬೋರ್ಡೊ ಬಾಟಲಿಗೆ ಭುಜ ಇರುವುದರಿಂದ ಅಳತೆ ಸುಲಭ. ಇಪ್ಪತ್ತು ಮೂವತ್ತು ವರ್ಷದ್ದರಲ್ಲಿ ಕುತ್ತಿಗೆಯ ಬುಡ ಅಥವಾ ಭುಜದ ಮೇಲ್ತುದಿವರೆಗೆ ವೈನ್ ಇದ್ದರೆ ಸಾಕು. ಭುಜದ ನಡುವಿಗೆ ಬಂದಿದ್ದರೆ ಯೋಚಿಸಬೇಕು. ಅದಕ್ಕಿಂತ ಕೆಳಗಿದ್ದರೆ ಶೋಕೇಸಿನಲ್ಲಿಡಬಹುದು, ಕುಡಿಯುವ ಆಸೆ ಬಿಡಿ. ಫ್ರಾನ್ಸಿನದೇ ಇನ್ನೊಂದು ಪ್ರದೇಶವಾದ ಬರ್ಗಂಡಿಯ ಬಾಟಲಿಗೆ ಅಂಥ ಭುಜ ಇಲ್ಲ. ಅಲ್ಲಿ ಕಾರ್ಕಿನ ಕೆಳಗೆ ಎಷ್ಟು ಸೆಂಟಿಮೀಟರ್ ಖಾಲಿ ಇದೆ ಅಂತ ಕೇಳಿ.

ಕಾರ್ಕ್ ಮೇಲಕ್ಕೆ ಉಬ್ಬಿ ಬಂದಿದ್ದರೆ ಬಾಟಲಿ ಎಲ್ಲೋ ಬಿಸಿಗೆ ಸಿಕ್ಕಿರುವ ಸಾಧ್ಯತೆ ಜಾಸ್ತಿ. ಕಾರ್ಕಿನ ಮೇಲಿನ ಕವಚದ ಸುತ್ತ ಅಂಟಂಟು ಇದ್ದರೆ ಸೋರಿದೆ. ಲೇಬಲ್ ಮೇಲೆ ತೇವದ ಕಲೆ ಕಂಡರೆ ಮಾತ್ರ ಗಾಬರಿ ಬೇಡ. ವೈನ್ ಇಡುವ ಒಳ್ಳೆಯ ನೆಲಮಾಳಿಗೆ ಸುಮಾರು 12-13 ಡಿಗ್ರಿ ತಂಪಾಗಿ, ತೇವವಾಗಿಯೇ ಇರುತ್ತದೆ. ಕಾರ್ಕಿಗೆ ಅದೇ ಹಿತ.

"ಯಾರಿಂದ ಬಂತು" ಅಂತ ಕೇಳಿದರೆ ಕೆಲವರಿಗೆ ಮುಖ ಗಂಟಾಗುತ್ತದೆ. ಕೇಳಲೇಬೇಕು. 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಪೊನ್ಸೊ ಮನೆತನದ ಕ್ಲೊ ಸಾಂ ದನಿ ಅನ್ನುವ ಬರ್ಗಂಡಿ ವೈನ್ ಬಂದಿತ್ತು. ಲೇಬಲ್ಲಿನಲ್ಲಿ 1945, 1949 ಅಂತೆಲ್ಲ ವರ್ಷಗಳು. ಲೊರಾಂ ಪೊನ್ಸೊ ಅವರೇ ಅಲ್ಲಿಗೆ ಹೋದರು. ಅವರ ಮನೆತನ ಆ ವೈನ್ ಮಾಡಲು ಶುರು ಮಾಡಿದ್ದೇ 1980ರ ದಶಕದಲ್ಲಿ! ಬಾಟಲಿಗಳನ್ನು ಹರಾಜಿನಿಂದ ತೆಗೆದರು. ಅವನ್ನು ಮಾರಲು ಕೊಟ್ಟಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು. ನಾವು ಕೊಳ್ಳುವ ಬಾಟಲಿಗೆ ಇಷ್ಟೆಲ್ಲ ನಾಟಕ ಇರಲ್ಲ, ನಿಜ. ಆದರೂ ಆ ವರ್ಷ ಆ ವೈನ್ ಮಾಡಿದ್ದರಾ ಅಂತ ಹುಡುಕಿ ನೋಡೋಕೆ ಎಷ್ಟು ಹೊತ್ತು ಬೇಕು ಹೇಳಿ?

ಇನ್ನು ವಾಪಸಾತಿ ವಿಷಯ. ಇದನ್ನು ದುಡ್ಡು ಕಟ್ಟುವ ಮುಂಚೆಯೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಹಳೆಯ ವೈನಿಗೆ ಗ್ಯಾರಂಟಿ ಇಲ್ಲ ಅಂತ ಎಷ್ಟೋ ಅಂಗಡಿಯವರು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ನನ್ನ ಲೆಕ್ಕ ಹೀಗೆ: ವೈನ್ ವಯಸ್ಸಾಗಿ ಸೊರಗಿದ್ದರೆ ಆ ನಷ್ಟ ನನ್ನದು. ವರ್ಷ ತಪ್ಪಿದ್ದರೆ, ಫೋಟೊದಲ್ಲಿ ಕಂಡ ಬಾಟಲಿ ಬರದಿದ್ದರೆ, ಸೋರಿದ್ದರೆ, ಅದು ಅಂಗಡಿಯವರದು. ನಡುವೆ ಸಿಕ್ಕಿಹಾಕಿಕೊಳ್ಳುವುದು ಕಾರ್ಕಿನ ವಾಸನೆ. ಟಿಸಿಎ ಅನ್ನುವ ರಾಸಾಯನಿಕದಿಂದ ವೈನ್ ಒದ್ದೆ ರಟ್ಟಿನ ಹಾಗೆ ನಾರುತ್ತದೆ. ಆರೋಗ್ಯಕ್ಕೇನೂ ತೊಂದರೆ ಇಲ್ಲ, ಕುಡಿಯೋಕೆ ಮಾತ್ರ ಆಗಲ್ಲ. "ಹೀಗಾದರೆ ಏನು ಮಾಡುತ್ತೀರಿ, ಎಷ್ಟು ದಿನದೊಳಗೆ ತಿಳಿಸಬೇಕು" ಅಂತ ಸ್ಪಷ್ಟವಾಗಿ ಕೇಳಿ. 1990ರ ದಶಕದ ನಡುವಿನಿಂದ ಈಚಿನ ಬರ್ಗಂಡಿ ಬಿಳಿ ವೈನ್ ಆದರೆ ಇನ್ನೊಂದು ಪ್ರಶ್ನೆ ಸೇರಿಸಿ: "ಕಂದು ತಿರುಗಿದ್ದರೆ ಏನು ಮಾಡುತ್ತೀರಿ?" ಅವುಗಳಲ್ಲಿ ಕೆಲವು ಅವಧಿಗೆ ಮುಂಚೆಯೇ ಕಂದು ತಿರುಗಿ ಕೆಟ್ಟಿವೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಚೆನ್ನಾಗಿರುತ್ತದೆ, ಪಕ್ಕದ್ದು ಹಾಳಾಗಿರುತ್ತದೆ.

ಬೇಸಿಗೆಯಲ್ಲಿ ತರಿಸಬೇಡಿ. "ಬಿಸಿಲು ಇಳಿಯಲಿ, ಅಲ್ಲಿವರೆಗೆ ನಾವೇ ಇಟ್ಟುಕೊಳ್ಳುತ್ತೇವೆ" ಅಂತ ತಾವಾಗಿಯೇ ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ.

ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಬಿಚ್ಚುತ್ತಾ ಫೋಟೊ ತೆಗೆಯಿರಿ. ಮೊದಲು ವರ್ಷ ಓದಿ. ನಾನು 1990ರ ಬೋರ್ಡೊ ಹೇಳಿದ್ದೆ, ಬಂದದ್ದು 1991. ಫೋನ್ ಮಾಡಿದರೆ ಆ ಕಡೆಯ ಹುಡುಗ, "ಒಂದೇ ವರ್ಷ ತಾನೇ ಮೇಡಂ ವ್ಯತ್ಯಾಸ?" ಅಂದ. 1990 ಬೋರ್ಡೊದಲ್ಲಿ ಹೆಸರಾದ ವರ್ಷ. 1991ರ ಏಪ್ರಿಲಿನಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದು ದ್ರಾಕ್ಷಿ ಬಳ್ಳಿಯ ಚಿಗುರು ಬಹುಪಾಲು ಸುಟ್ಟುಹೋಗಿತ್ತು. ಅವನಿಗೆ ಪಾಠ ಮಾಡಿ ಏನು ಉಪಯೋಗ ಅಂತ ಫೋನ್ ಇಟ್ಟು ಮೇಲ್ ಬರೆದೆ. ಆರ್ಡರಿನ ಪ್ರತಿ, ಲೇಬಲ್ಲಿನ ಫೋಟೊ, ಜೊತೆಗೆ ಎರಡು ದಾರಿ: ಸರಿಯಾದ ವರ್ಷದ್ದು ಕಳಿಸಿ, ಇಲ್ಲವೇ ನಿಮ್ಮ ಖರ್ಚಿನಲ್ಲಿ ಇದನ್ನು ತಗೊಂಡು ಹೋಗಿ ಪೂರ್ತಿ ದುಡ್ಡು ಕೊಡಿ. ಮ್ಯಾನೇಜರ್ ಎರಡನೆಯದನ್ನು ಒಪ್ಪಿಕೊಂಡರು. ದೂರು ಹೀಗಿರಲಿ. ಏನಾಯಿತು, ಸಾಕ್ಷಿ ಏನು, ಏನು ಬೇಕು, ಅಷ್ಟೇ. ರೇಗಾಟ ಬರೆದರೆ ಅವರು ರೇಗಾಟಕ್ಕೆ ಉತ್ತರ ಕೊಡುತ್ತಾರೆ, ವೈನ್ ವಿಷಯ ಹಿಂದೆ ಬೀಳುತ್ತದೆ.

ತೆಗೆಯುವ ಮುಂಚೆ ಬಾಟಲಿಯನ್ನು ಒಂದೆರಡು ದಿನ ನೆಟ್ಟಗೆ ನಿಲ್ಲಿಸಿ, ಮಡ್ಡಿ ತಳಕ್ಕೆ ಕೂರಲಿ. ಮಡ್ಡಿ ಇದೆ ಅಂತಾಗಲಿ, ಕಾರ್ಕ್ ಪುಡಿಯಾಯಿತು ಅಂತಾಗಲಿ ದೂರು ಕೊಡಬೇಡಿ, ನಗುತ್ತಾರೆ. ಕಾರ್ಕಿನ ಎರಡು ಬದಿಗೆ ಇಳಿಯುವ, ಎರಡು ತೆಳು ಅಲಗಿನ ತೆಗೆಯುವ ಸಾಧನ ಸಿಗುತ್ತದೆ. ಹಳೆಯ ಕಾರ್ಕಿಗೆ ಅದೇ ಸರಿ.

ಮೊದಲ ವಾಸನೆಗೇ ತೀರ್ಪು ಕೊಡಬೇಡಿ. ಮುಚ್ಚಿಟ್ಟ ಮುಗ್ಗಲು ಗಾಳಿಯಾಡಿದರೆ ಅರ್ಧ ಗಂಟೆಯಲ್ಲಿ ಹೋಗಬಹುದು. ಟಿಸಿಎ ಆದರೆ ಹೋಗುವುದಿಲ್ಲ, ಎಷ್ಟೋ ಸಲ ಇನ್ನೂ ಎದ್ದು ಕಾಣುತ್ತದೆ. ಹೌದು ಅನ್ನಿಸಿದರೆ ಸಿಂಕಿಗೆ ಸುರಿಯಬೇಡಿ. ಒಂದು ಗುಟುಕು ಬಿಟ್ಟು ಉಳಿದದ್ದನ್ನೆಲ್ಲ ಬಾಟಲಿಗೇ ಹಾಕಿ ಮುಚ್ಚಿ, ಹಳೆಯ ಕಾರ್ಕನ್ನೂ ಜೊತೆಗಿಟ್ಟು, ಅವತ್ತೇ ಬರೆಯಿರಿ. ಅಂಗಡಿಯವರು ವಾಪಸ್ ಕೇಳಿದಾಗ ತೋರಿಸೋಕೆ ಏನಾದರೂ ಇರಬೇಕಲ್ವಾ?

ಚೆನ್ನಾಗಿದ್ದಾಗಲೂ ನಾನು ಎರಡು ಸಾಲು ಬರೆಯುತ್ತೇನೆ. ಅದೇ ಕಡೆಯಿಂದ ಬಂದ ಬೇರೆ ಬಾಟಲಿಗಳು ಅವರ ಹತ್ತಿರ ಇರುತ್ತವೆ, ಒಳಗೆ ಹೇಗಿದೆ ಅಂತ ಅವರಿಗೂ ಗೊತ್ತಿರಲ್ಲ. ಹರಿದ ಲೇಬಲ್ಲಿನದ್ದು ಹೇಗಿತ್ತು ಅಂತ ಬರೆದ ಮೇಲೆ, ಆ ಅಂಗಡಿಯವರು ಹೊಸ ಮಾಲು ಬಂದಾಗ ನಾನು ಕೇಳುವ ಮುಂಚೆಯೇ ಟಾರ್ಚ್ ಹಿಡಿದ ಫೋಟೊ ಕಳಿಸುತ್ತಾರೆ.