ಮೊಲದ ಸೂಲಿನಲ್ಲಿ ಪೀಚು ಮರಿ: ಮೊದಲು ಬಿಸಿ, ಆಮೇಲೆ ಹಾಲು

ಮೊಲ ಮರಿ ಹಾಕಿದ ಬೆಳಿಗ್ಗೆ ಗೂಡಿನ ತುಪ್ಪಳ ಸರಿಸಿ ನೋಡುತ್ತೀರಿ. ಆರೇಳು ಮರಿಗಳು ದುಂಡಗೆ, ಗುಲಾಬಿ ಬಣ್ಣಕ್ಕೆ ಮಿಸುಕಾಡುತ್ತಿವೆ. ಒಂದು ಮಾತ್ರ ಹೆಬ್ಬೆರಳಿನಷ್ಟೇ ಇದೆ. ಚರ್ಮ ಸುಕ್ಕುಗಟ್ಟಿದೆ, ಹೊಟ್ಟೆ ಬೆನ್ನಿಗಂಟಿದೆ, ಗುಂಪಿನಿಂದ ಆಚೆ ಬಿದ್ದುಕೊಂಡಿದೆ. ನೋಡಿದ ಕೂಡಲೇ ಹೆಚ್ಚಿನವರು ಅದನ್ನೆತ್ತಿ ಬೇರೆ ಡಬ್ಬಿಗೆ ಹಾಕಿ, ಇಂಕ್ ಫಿಲ್ಲರಿನಲ್ಲಿ ಪ್ಯಾಕೆಟ್ ಹಾಲು ಕುಡಿಸಲು ಹೊರಡುತ್ತಾರೆ. ಕರುಣೆಯಿಂದಲೇ ಮಾಡುವ ಈ ಕೆಲಸದಿಂದಲೇ ಮರಿ ಸಾಯುವುದು ಹೆಚ್ಚು. ಒಂಟಿಯಾದ ಮರಿ ಥಂಡಿ ಹಿಡಿಯುತ್ತದೆ, ಥಂಡಿ ಹಿಡಿದ ಮರಿಗೆ ಹಾಲು ಅರಗುವುದಿಲ್ಲ, ಫಿಲ್ಲರಿನ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪೀಚು ಮರಿಗೆ ಮೊದಲು ಬೇಕಾದದ್ದು ಬಿಸಿ, ಎರಡನೆಯದು ತಾಯಿಯ ಹಾಲು. ಸಿರಿಂಜ್ ಕೊನೆಯದು.

ಮೊದಲು ತೂಗಿ ನೋಡಿ

ಕಣ್ಣಂದಾಜು ನಂಬಬೇಡಿ. 1 ಗ್ರಾಂ ನಿಖರತೆಯ ಕಿಚನ್ ಸ್ಕೇಲ್ ಸಾಕು, ಆಭರಣ ತೂಗುವ ಪುಟ್ಟ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ತಟ್ಟೆಯ ಮೇಲೆ ಬೆಚ್ಚಗಿನ ಬಟ್ಟೆ ಹಾಸಿ, ಸೊನ್ನೆಗೆ ತಂದು, ಮರಿಯನ್ನಿಡಿ. ನ್ಯೂಜಿಲೆಂಡ್ ವೈಟ್‌ನಂಥ ದೊಡ್ಡ ತಳಿಯ ಮರಿ ಹುಟ್ಟಿದಾಗ ಸಾಮಾನ್ಯವಾಗಿ 50-60 ಗ್ರಾಂ ಇರುತ್ತದೆ. ಅಂಥ ಸೂಲಿನಲ್ಲಿ 35 ಗ್ರಾಂಗಿಂತ ಕಡಿಮೆ ತೂಗಿದರೆ ಅದು ಪೀಚು. ಕುಳ್ಳ ತಳಿಗಳಲ್ಲಿ ಆರೋಗ್ಯದ ಮರಿಯೇ 30-40 ಗ್ರಾಂ ಇರುತ್ತದೆ, ಹಾಗಾಗಿ ಒಡಹುಟ್ಟಿದವುಗಳ ಜೊತೆ ಹೋಲಿಸಿಯೇ ಹೇಳಬೇಕು. ಪ್ರತಿದಿನ ಅದೇ ಹೊತ್ತಿಗೆ, ಹಾಲು ಕುಡಿಯುವ ಮುಂಚೆ ತೂಗಿ ಬರೆದಿಡಿ. ಮೊದಲ ದಿನ ತೂಕ ಏರದಿದ್ದರೆ ಗಾಬರಿ ಬೇಡ. ವಾರದ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾದರೆ ಮರಿ ದಾರಿಗೆ ಬಂತೆಂದೇ ಅರ್ಥ. ಎರಡು ದಿನ ಸತತ ಇಳಿದರೆ ತಡಮಾಡುವಂತಿಲ್ಲ.

ನೆದರ್ಲ್ಯಾಂಡ್ ಡ್ವಾರ್ಫ್, ಹಾಲೆಂಡ್ ಲಾಪ್ ಸಾಕಿದವರು ಇನ್ನೊಂದು ವಿಷಯ ತಿಳಿದಿರಬೇಕು. ಈ ತಳಿಗಳಲ್ಲಿ ಕುಳ್ಳುತನ ತರುವ ಜೀನ್ ತಾಯಿಯಲ್ಲೂ ತಂದೆಯಲ್ಲೂ ಒಂದೊಂದಿದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಬಂದುಬಿಡುತ್ತವೆ. ಅಂಥ ಮರಿಯನ್ನು ಸಾಕುವವರು 'ಪೀನಟ್' ಎನ್ನುತ್ತಾರೆ. ತಲೆ ಮೈಗಿಂತ ದೊಡ್ಡದಾಗಿ ಉಬ್ಬಿರುತ್ತದೆ, ಕಿವಿ ತೀರಾ ಚಿಕ್ಕದಾಗಿ ಹಿಂದಕ್ಕಿರುತ್ತದೆ, ಸೊಂಟದ ಕೆಳಗೆ ಹಿಂಡಿದಂತೆ ಕಿರಿದಾಗಿರುತ್ತದೆ. ಅದು ಕೆಲವೇ ದಿನ, ಹೆಚ್ಚೆಂದರೆ ಎರಡು ಮೂರು ವಾರ ಬದುಕೀತು. ಯಾವ ಆರೈಕೆಯೂ ಅದನ್ನು ಬದಲಿಸದು. ಒತ್ತಾಯದಿಂದ ಹಾಲು ತುರುಕದೆ, ಒಡಹುಟ್ಟಿದವುಗಳ ಬಿಸಿಯಲ್ಲೇ ಇರಗೊಡಿ. ನಿಜವಾದ ಪೀಚು ಮರಿಯ ತಲೆ, ಕಿವಿ, ಕಾಲು ಎಲ್ಲವೂ ಹದವಾಗಿಯೇ ಇದ್ದು ಅಳತೆ ಮಾತ್ರ ಚಿಕ್ಕದು. ಗರ್ಭದಲ್ಲಿ ಜಾಗ ಇಕ್ಕಟ್ಟಾಗಿ ಪೋಷಣೆ ಕಡಿಮೆ ಸಿಕ್ಕಿದ ಮರಿ ಇದು. ಇದಕ್ಕೆ ಪಟ್ಟ ಶ್ರಮಕ್ಕೆ ಫಲವಿದೆ.

ಥಂಡಿ ಬಿಡಿಸುವುದು

ಬೆಕ್ಕು, ನಾಯಿಯಂತೆ ಮೊಲ ತನ್ನ ಮರಿಗಳನ್ನು ಅಪ್ಪಿಕೊಂಡು ಮಲಗುವುದಿಲ್ಲ. ಗೂಡಿನಿಂದ ಜಾರಿ ಹೊರಬಿದ್ದ ಮರಿಯನ್ನು ಬಾಯಲ್ಲಿ ಕಚ್ಚಿ ಒಳಗೆ ತರುವುದೂ ಇಲ್ಲ. ಮೊಲೆತೊಟ್ಟು ಬಿಡದೆ ನೇತಾಡಿಕೊಂಡೇ ಹೊರಬಂದು ತಂತಿಯ ನೆಲದ ಮೇಲೆ ಬಿದ್ದ ಮರಿ ಅಲ್ಲೇ ತಣ್ಣಗಾಗುತ್ತದೆ. ಮೈಮೇಲೆ ತುಪ್ಪಳವಿಲ್ಲದ ಮರಿಗೆ ಗೂಡಿನೊಳಗೆ 32-35 ಡಿಗ್ರಿ ಬೇಕು. ಗುಂಪಿನ ನಡುವೆ ಸೇರಿದ ಮರಿಗೆ ಅದು ಪುಕ್ಕಟೆ ಸಿಗುತ್ತದೆ. ಅಂಚಿಗೆ ತಳ್ಳಿಸಿಕೊಂಡ ಪೀಚು ಮರಿ ಕುಡಿದ ಅಷ್ಟಿಷ್ಟು ಹಾಲನ್ನೂ ಮೈ ಬೆಚ್ಚಗಿಡಲೇ ಖರ್ಚು ಮಾಡುತ್ತದೆ. ಅದಕ್ಕೇ ದಿನಕ್ಕೆ ಮೂರ್ನಾಲ್ಕು ಸಲ ನೋಡಿ, ಅಂಚಿನಲ್ಲಿದ್ದರೆ ನಡುವಿಗೆ ಸೇರಿಸಿ.

ಮುಟ್ಟಿದಾಗ ತಣ್ಣಗಿದ್ದು, ಬಣ್ಣ ಬಿಳಿಚಿ ಅಥವಾ ನೀಲಿಗಟ್ಟಿ, ಅಲುಗಾಡದಿದ್ದರೂ ಸತ್ತಿತೆಂದು ಬಿಸಾಡಬೇಡಿ. ಬಿಸಿಯಾದ ಮೇಲೂ ಉಸಿರಿಲ್ಲದಿದ್ದರೆ ಮಾತ್ರ ಸತ್ತಂತೆ. ಅಗಲ ಬಟ್ಟಲಿನಲ್ಲಿ 38 ಡಿಗ್ರಿಯ ನೀರು ತೆಗೆದುಕೊಳ್ಳಿ. ಕೂಸಿಗೆ ಎರೆಯುವ ನೀರಿನಂತೆ ಮೊಣಕೈಗೆ ಹಿತವೆನಿಸಬೇಕು. ಮರಿಯ ಕತ್ತಿನ ಕೆಳಗೆ ಎರಡು ಬೆರಳು ಕೊಟ್ಟು, ತಲೆಯನ್ನು ನೀರಿನಿಂದ ಮೇಲಿಟ್ಟು, ಮೈಯಷ್ಟನ್ನೇ ಮುಳುಗಿಸಿ. ನೀರು ಆರುತ್ತಿದ್ದಂತೆ ಬದಿಯಿಂದ ಬಿಸಿನೀರು ಸೇರಿಸುತ್ತಾ ಐದರಿಂದ ಹತ್ತು ನಿಮಿಷ ಹಿಡಿದಿರಿ. ಮೊದಲು ಬಾಯಿ ಒಮ್ಮೆ ತೆರೆದು ಗಾಳಿಗೆ ಹವಣಿಸುತ್ತದೆ, ಆಮೇಲೆ ಹಿಂಗಾಲು ಅಲುಗುತ್ತದೆ, ಚರ್ಮ ಗುಲಾಬಿಗೆ ತಿರುಗುತ್ತದೆ. ಹೊರತೆಗೆದು ಹಳೆಯ ಪಂಚೆಯ ಮೆತ್ತನೆ ತುಂಡಿನಿಂದ ತೇವ ಒಂದಿಷ್ಟೂ ಉಳಿಯದಂತೆ ಒರೆಸಿ. ಒದ್ದೆ ಉಳಿದರೆ ಮತ್ತೆ ಥಂಡಿ. ಬರೀ ತುಸು ತಣ್ಣಗಿದ್ದ ಮರಿಗೆ ನೀರು ಬೇಡ. ಅಂಗಿಯೊಳಗೆ ಮೈಗೊತ್ತಿ ಅರ್ಧ ಗಂಟೆ ಇಟ್ಟುಕೊಂಡರೆ ಸಾಕು. ಪೂರ್ತಿ ಬಿಸಿಯಾಗಿ, ಮೂತಿ ಅಲ್ಲಾಡಿಸಿ ಹುಡುಕತೊಡಗುವವರೆಗೂ ಬಾಯಿಗೆ ಏನನ್ನೂ ಹಾಕಬೇಡಿ. ತಣ್ಣಗಿರುವ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಕರುಳೂ ಕದಲುವುದಿಲ್ಲ.

ಗೂಡಿಗೆ ಹೊರಗಿನ ಬಿಸಿ ಬೇಕೆಂದರೆ, ಬಿಸಿನೀರು ತುಂಬಿದ ಅರ್ಧ ಲೀಟರ್ ಬಾಟಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ಹುಲ್ಲಿನಡಿ ಒಂದು ಬದಿಗೆ ಇಡಿ. ನೀರು ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಹೀಟಿಂಗ್ ಪ್ಯಾಡ್ ಆದರೆ ಪೆಟ್ಟಿಗೆಯ ಅರ್ಧ ಭಾಗದ ಅಡಿಯಲ್ಲಿ ಮಾತ್ರ. ಸೆಖೆಯಾದ ಮರಿಗೆ ಇನ್ನರ್ಧಕ್ಕೆ ತೆವಳಲು ಜಾಗ ಬೇಕು. ಮರಿಗಳು ಒಂದಕ್ಕೊಂದು ದೂರವಾಗಿ ಚೆಲ್ಲಾಡಿಕೊಂಡು, ಕೆಂಪಾಗಿ, ಏದುಸಿರು ಬಿಡುತ್ತಿದ್ದರೆ ಬಿಸಿ ಹೆಚ್ಚಾಗಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗೂಡಿನ ತುಪ್ಪಳವನ್ನೇ ಅರ್ಧ ತೆಗೆದಿಡಬೇಕಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಪೆಟ್ಟಿಗೆಯ ಮೇಲೆ ಹೊದಿಕೆ ಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಥಂಡಿಗಿಂತ ಒದ್ದೆ ಹುಲ್ಲೇ ಹೆಚ್ಚು ಕೆಡುಕು ಮಾಡುತ್ತದೆ.

ಹಾಸಿಗೆಗೆ ಒಣಗಿದ ಗರಿಕೆ ಅಥವಾ ಕತ್ತರಿಸಿದ ರಾಗಿ ಹುಲ್ಲು ಹಾಕಿ, ಮೇಲೆ ತಾಯಿ ಕಿತ್ತುಕೊಂಡ ತುಪ್ಪಳ. ಹತ್ತಿ, ಉಲ್ಲನ್ ದಾರ ಬೇಡ. ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಮಾಡುತ್ತದೆ. ಬರೀ ನ್ಯೂಸ್‌ಪೇಪರ್ ಹಾಸಿದರೆ ಜಾರಿ ಜಾರಿ ಕಾಲು ಸೊಟ್ಟಗಾಗುತ್ತದೆ. ಪಂಜರದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಬಾಯಂಚಿನಲ್ಲಿ ಹಾಲು ಅಂಟಿದ, ಓಡಲಾಗದ ಮರಿಯನ್ನು ಕೆಂಜಿಗ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.

ತಾಯಿಯ ಹಾಲು

ತಾಯಿ ಗೂಡಿಗೆ ಬರುವುದೇ ಇಲ್ಲ, ಹಾಲು ಕೊಡುತ್ತಿಲ್ಲ ಎಂಬ ದೂರು ತುಂಬ ಸಾಮಾನ್ಯ. ಮೊಲ ದಿನಕ್ಕೆ ಒಮ್ಮೆ, ಕೆಲವೊಮ್ಮೆ ಎರಡು ಸಲ, ಹೆಚ್ಚಾಗಿ ನಸುಕಿನಲ್ಲಿ ಬಂದು ಮೂರರಿಂದ ಐದು ನಿಮಿಷ ನಿಂತು ಹೋಗುತ್ತದೆ, ಅಷ್ಟೇ. ಕುಡಿದ ಮರಿಯ ಹೊಟ್ಟೆ ದುಂಡಗಾಗಿ, ತೆಳು ಚರ್ಮದೊಳಗೆ ಹಾಲಿನ ಬಿಳಿ ಪಟ್ಟಿ ಕಾಣುತ್ತದೆ. ತಾಯಿಯನ್ನು ಕಾಯುವ ಬದಲು ಈ ಪಟ್ಟಿಯನ್ನು ನೋಡಿ.

ತಾಯಿಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ಮೊಲೆತೊಟ್ಟು. ಹಂದಿಮರಿಗಳಂತೆ ಇವುಗಳಿಗೆ 'ನನ್ನದು' ಎನ್ನುವ ತೊಟ್ಟಿಲ್ಲ. ಕೆಲವೇ ಸೆಕೆಂಡಿಗೊಮ್ಮೆ ಬಿಟ್ಟು ಇನ್ನೊಂದಕ್ಕೆ ನುಗ್ಗುತ್ತವೆ. ಆ ನೂಕುನುಗ್ಗಲಿನಲ್ಲಿ ಪೀಚು ಮರಿ ಸೋಲುತ್ತದೆ. ಹಾಗಾಗಿ ಅದಕ್ಕೆ ನೂಕಾಟವಿಲ್ಲದ ಇನ್ನೊಂದು ಊಟವನ್ನು ನೀವೇ ಏರ್ಪಡಿಸಬೇಕು. ತಾಯಿ ನಸುಕಿನಲ್ಲಿ ಎಲ್ಲಕ್ಕೂ ಕೊಟ್ಟಿದ್ದರೆ, ಸಂಜೆಯ ಹೊತ್ತಿಗೆ ಕೆಚ್ಚಲಲ್ಲಿ ಮತ್ತೆ ಹಾಲು ಕೂಡಿರುತ್ತದೆ. ಕುರ್ಚಿಯ ಮೇಲಲ್ಲ, ನೆಲದ ಮೇಲೆ ಕೂತುಕೊಳ್ಳಿ. ಮೊಲ ಗಾಬರಿಯಿಂದ ಒದ್ದು ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ. ತಾಯಿಯನ್ನು ತೊಡೆಯ ನಡುವೆ ಟವೆಲ್ ಮೇಲೆ ನಾಲ್ಕು ಕಾಲಿನಲ್ಲೇ ನಿಲ್ಲಿಸಿ, ಕಣ್ಣಿನ ಮೇಲೆ ಒಂದು ಕೈ ಇಡಿ, ಮುಂದೆ ಒಂದಿಷ್ಟು ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪು ಹಾಕಿ. ಅಂಗಾತ ಮಲಗಿಸಬೇಡಿ, ಸುಮ್ಮನಿದ್ದಂತೆ ಕಂಡರೂ ಅದು ಭಯದಿಂದ ಸೆಟೆದಿರುವುದು. ಪೀಚು ಮರಿಯನ್ನೂ ಅದಕ್ಕಿಂತ ತುಸು ದೊಡ್ಡದಾದ ಇನ್ನೊಂದು ಚಿಕ್ಕ ಮರಿಯನ್ನೂ ಹೊಟ್ಟೆಯಡಿ ಬಿಡಿ. ಒಂದೇ ಮರಿ ತಡಕಾಡಿದರೆ ಹಾಲು ಇಳಿಯಲು ತಡವಾಗುತ್ತದೆ, ಎರಡಾದರೆ ಬೇಗ. ಐದು ನಿಮಿಷ ಸಾಕು. ಮುಂಚೆ, ಆಮೇಲೆ ತೂಗಿ ನೋಡಿ: 30 ಗ್ರಾಂ ಮರಿ 4-5 ಗ್ರಾಂ ಏರಿದರೆ ಅದು ಹೊಟ್ಟೆ ತುಂಬ ಕುಡಿದಿದೆ.

ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಸಾಕುಮೊಲದ ಮಟ್ಟಿಗೆ ಹೆಚ್ಚಾಗಿ ಸುಳ್ಳು. ಆದರೆ ಕೈಯ ವಾಸನೆ ಮರಿಗೇ ತೊಂದರೆ. ಕಣ್ಣು, ಕಿವಿ ತೆರೆಯದ ಮರಿ ತೊಟ್ಟನ್ನು ಕಂಡುಕೊಳ್ಳುವುದು ಮೂಗಿನಿಂದ; ತಾಯಿಯ ಹಾಲಿನಲ್ಲಿರುವ, ಮರಿಯನ್ನು ತೊಟ್ಟಿಗೆ ಸೆಳೆಯುವ ವಾಸನೆಯ ವಸ್ತುವನ್ನು ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಸ್ಯಾನಿಟೈಜರ್, ಗಂಧದ ಸೋಪು ಹಚ್ಚಿದ ಕೈಯಲ್ಲಿ ಹಿಡಿದರೆ ಆ ಜಾಡು ಕೆಡುತ್ತದೆ. ಕೈಯನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ತಾಯಿಯ ಮೈ ಒಮ್ಮೆ ಸವರಿ, ಆಮೇಲೆ ಮರಿ ಮುಟ್ಟಿ.

ತಾಯಿಯ ತೊಟ್ಟುಗಳನ್ನು ದಿನವೂ ಸವರಿ ನೋಡಿ. ಗಟ್ಟಿಯಾಗಿ, ಸುಡುತ್ತಾ, ಕೆಂಪು ಅಥವಾ ನೀಲಿ ಬಣ್ಣಕ್ಕಿದ್ದರೆ ಕೆಚ್ಚಲುಬಾವು. ಅಂದೇ ಪಶುವೈದ್ಯರಿಗೆ ತೋರಿಸಿ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ, ನೀರು ಕಡಿಮೆಯಾದರೆ ಹಾಲೂ ಕಡಿಮೆ. ಗಂಡು ಮೊಲವನ್ನು ಹೆರಿಗೆಗೆ ಮುಂಚೆಯೇ ಬೇರೆ ಮಾಡಿ, ಯಾಕೆಂದರೆ ಮರಿ ಹಾಕಿದ ದಿನವೇ ತಾಯಿ ಮತ್ತೆ ಗಬ್ಬವಾಗಬಲ್ಲದು.

ಮನೆಯಲ್ಲಿ ಇನ್ನೊಂದು ಮೊಲವೂ ಎರಡು ಮೂರು ದಿನದ ಅಂತರದಲ್ಲಿ ಮರಿ ಹಾಕಿದ್ದರೆ ಅದೃಷ್ಟ. ಆಗ ಪೀಚನ್ನಲ್ಲ, ದಪ್ಪ ಮರಿಗಳನ್ನು ಆ ಗೂಡಿಗೆ ದಾಟಿಸಿ. ಹೊಸ ತಾಯಿ ಒಂದು ಹೊತ್ತು ತಡಮಾಡಿದರೂ ಅವು ತಾಳಿಕೊಳ್ಳುತ್ತವೆ.

ಸಿರಿಂಜ್ ಹಿಡಿಯಬೇಕಾದಾಗ

ತಾಯಿಯಡಿ ಹಿಡಿದರೂ ಒಂದು ಪೂರ್ತಿ ದಿನ ಬಿಳಿ ಪಟ್ಟಿ ಕಾಣಲಿಲ್ಲ, ಅಥವಾ ಚೀಪುವ ಬಲವೇ ಇಲ್ಲ ಎಂದಾಗ ಮಾತ್ರ ಇದು. ಹಸುವಿನ ಹಾಲು ಏಕೆ ಆಗದೆಂದರೆ, ಮೊಲದ ಹಾಲಿನಲ್ಲಿ ಕೊಬ್ಬು ಶೇ. 12ರ ಆಸುಪಾಸು, ಪ್ರೋಟೀನ್ ಶೇ. 10-12, ಲ್ಯಾಕ್ಟೋಸ್ ಶೇ. 2ರ ಸುತ್ತಮುತ್ತ. ಹಸುವಿನದರಲ್ಲಿ ಕೊಬ್ಬು ಶೇ. 4, ಪ್ರೋಟೀನ್ ಶೇ. 3ಕ್ಕೆ ಸ್ವಲ್ಪ ಹೆಚ್ಚು, ಲ್ಯಾಕ್ಟೋಸ್ ಶೇ. 5ರ ಹತ್ತಿರ. ಹೊಟ್ಟೆಯೂ ತುಂಬದು, ಭೇದಿಯೂ ಆಗುತ್ತದೆ. ಬೆಕ್ಕಿನ ಮರಿಗಳಿಗೆಂದು ಸಿಗುವ ಹಾಲಿನ ಪುಡಿ ಇದ್ದುದರಲ್ಲಿ ಹತ್ತಿರದ್ದು. ಅದು ಕೈಗೆ ಸಿಗುವವರೆಗೆ ಮೇಕೆ ಹಾಲಿನಲ್ಲಿ ಒಂದೆರಡು ದಿನ ತಳ್ಳಬಹುದು.

ಔಷಧಿ ಅಂಗಡಿಯಲ್ಲಿ 1 ಮಿ.ಲೀ. ಸಿರಿಂಜ್ ಕೇಳುವಾಗ ಸೂಜಿ ಬೇರ್ಪಡುವಂಥದ್ದೇ ಕೇಳಿ. ಇನ್ಸುಲಿನ್ ಸಿರಿಂಜ್‌ಗಳಲ್ಲಿ ಸೂಜಿ ಅಂಟಿಕೊಂಡೇ ಇರುವುದು ಹೆಚ್ಚು. ಹಾಲು 38 ಡಿಗ್ರಿಗೆ ಬೆಚ್ಚಗಿರಲಿ. ಮರಿಯನ್ನು ಬಟ್ಟೆಯಲ್ಲಿ ಸುತ್ತಿ, ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿಯಿರಿ. ಕೂಸಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ತುಟಿಯ ಬದಿಗೆ ಒಂದು ಹನಿ ಮುಟ್ಟಿಸಿ, ಅದು ನೆಕ್ಕಿ ನುಂಗಿದ ಮೇಲೆ ಇನ್ನೊಂದು. 1 ಮಿ.ಲೀ. ಮುಗಿಯಲು ಹಲವು ನಿಮಿಷ ಹಿಡಿದರೂ ಅವಸರ ಬೇಡ. ಮೂಗಿನಲ್ಲಿ ಹಾಲಿನ ಗುಳ್ಳೆ ಬಂತೋ, ತಕ್ಷಣ ತಲೆ ಕೆಳಗೆ ಬಾಗಿಸಿ, ಒರೆಸಿ, ಆ ಹೊತ್ತಿನ ಊಟ ನಿಲ್ಲಿಸಿ. ಆಮೇಲೆ ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ವೈದ್ಯರ ಬಳಿಗೆ ಒಯ್ಯಿರಿ.

30 ಗ್ರಾಂ ಮರಿಗೆ ಒಂದು ಹೊತ್ತಿಗೆ ಅರ್ಧದಿಂದ 1 ಮಿ.ಲೀ.ನಿಂದ ಶುರುಮಾಡಿ, ಮೊದಲ ವಾರದೊಳಗೆ 2 ಮಿ.ಲೀ.ಗೆ ಏರಿಸಿ, ದಿನಕ್ಕೆ ಎರಡು ಹೊತ್ತು. ತೀರಾ ಬಳಲಿದ್ದರೆ ಕಡಿಮೆ ಪ್ರಮಾಣದಲ್ಲಿ ಮೂರು ಹೊತ್ತು. ಎರಡನೇ ವಾರ ಹೊತ್ತಿಗೆ 5 ಮಿ.ಲೀ. ಆಸುಪಾಸು. ಹೊಟ್ಟೆ ದುಂಡಗಾದರೆ ನಿಲ್ಲಿಸಿ, ತಮಟೆಯಂತೆ ಬಿಗಿಯಬಾರದು. ಕುಡಿಸಿದ ಮೇಲೆ ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೂತ್ರದ್ವಾರದ ಸುತ್ತ ಮೆಲ್ಲಗೆ ಸವರಿ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಹತ್ತು ದಿನದ ತನಕ ಇದು ಬೇಕಾಗುತ್ತದೆ. ಮುಗಿದೊಡನೆ ಬಾಯಿ ಒರೆಸಿ ಮರಿಯನ್ನು ಗುಂಪಿನ ನಡುವಿಗೆ ಸೇರಿಸಿ.

ಕಣ್ಣು ತೆರೆದ ಮೇಲೆ

ಕಣ್ಣು 10ರಿಂದ 12ನೇ ದಿನಕ್ಕೆ ತೆರೆಯುತ್ತದೆ. ಪೀಚು ಮರಿಗೆ ಒಂದೆರಡು ದಿನ ತಡವಾಗಬಹುದು. ರೆಪ್ಪೆ ಉಬ್ಬಿ ಅಂಟಿಕೊಂಡಿದ್ದರೆ ಒಳಗೆ ಕೀವು ತುಂಬಿರುತ್ತದೆ. ಬೆಚ್ಚನೆಯ ಸಲೈನ್‌ನಲ್ಲಿ ಅದ್ದಿದ ಹತ್ತಿಯನ್ನು ಕೆಲವು ನಿಮಿಷ ಒತ್ತಿ ಹಿಡಿದು ಅಂಟು ಕರಗಿಸಿ, ಬೆರಳಿನಿಂದ ಎಳೆದು ಬಿಡಿಸಬೇಡಿ. ಕೀವು ಕಂಡರೆ ವೈದ್ಯರು ಹೇಳಿದ ಕಣ್ಣಿನ ಔಷಧಿಯೇ ಬೇಕು.

ಮನೆಯಲ್ಲಿ ಉಳಿದ ಮಾತ್ರೆ, ಸಿರಪ್ ಮುಟ್ಟಲೇಬೇಡಿ. ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರುತ್ತದೆ. ನಾಯಿಯ ಚಿಗಟಕ್ಕೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ.

ಮೂರನೇ ವಾರದ ಹೊತ್ತಿಗೆ ದೊಡ್ಡ ಮರಿಗಳು ಹುಲ್ಲು ಮೆಲ್ಲತೊಡಗುತ್ತವೆ, ತಾಯಿಯ ಹಾಲೂ ಅಲ್ಲಿಂದ ಇಳಿಮುಖ. ಪೀಚು ಮರಿ ಒಂದು ವಾರ ಹಿಂದಿರುತ್ತದೆ. ಅದರ ಸಂಜೆಯ ಹಾಲು ನಿಲ್ಲಿಸಬೇಡಿ. ಸಿರಿಂಜಿನಲ್ಲೇ ಬೆಳೆದ ಮರಿಯಾದರೆ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾ ತಾಯಿಯಿಂದ ಬಂದಿರುವುದಿಲ್ಲ. ತಾಯಿಯ ಮೆತ್ತನೆಯ, ದ್ರಾಕ್ಷಿ ಗೊಂಚಲಿನಂತಿರುವ ಹಿಕ್ಕೆಯ ಒಂದು ಕಾಳನ್ನು ಹಾಲಿನಲ್ಲಿ ಕದಡಿ ಎರಡು ಮೂರು ದಿನ ಕೊಡಿ. ಮೊದಲ ಗಟ್ಟಿ ಆಹಾರ ಒಣಹುಲ್ಲು ಮತ್ತು ನಾಲ್ಕೈದು ಪೆಲೆಟ್ (ಮೊಲಕ್ಕೆಂದು ಸಿಗುವ ಗುಳಿಗೆಯಂಥ ಒಣ ಆಹಾರ). ಕೋಸು, ಹಣ್ಣು, ಬಿಸ್ಕತ್ತು, ಬ್ರೆಡ್ ಬೇಡ. ಈ ವಯಸ್ಸಿನ ಭೇದಿ ಒಂದೇ ದಿನದಲ್ಲಿ ಮರಿಯನ್ನು ಕೊಂಡೊಯ್ಯುತ್ತದೆ, ನೀರುನೀರಾದ ಅಥವಾ ಲೋಳೆಯ ಹಿಕ್ಕೆ ಕಂಡರೆ ಮರುದಿನಕ್ಕೆ ಕಾಯಬೇಡಿ.

ಉಳಿದ ಮರಿಗಳನ್ನು ಆರನೇ ವಾರಕ್ಕೆ ತಾಯಿಯಿಂದ ಬಿಡಿಸಿದರೂ ಇದನ್ನು ಎಂಟು ವಾರ ತುಂಬುವವರೆಗೆ ಇರಗೊಡಿ. ಬೇರೆ ಮನೆಗೆ ಕೊಡುವುದಾದರೆ ಅದು ತಿನ್ನುತ್ತಿದ್ದ ಪೆಲೆಟ್ ಮತ್ತು ಒಣಹುಲ್ಲನ್ನು ಎರಡು ವಾರಕ್ಕಾಗುವಷ್ಟು ಜೊತೆಗೆ ಕಟ್ಟಿಕೊಡಿ. ಅಲ್ಲಿನ ಆಹಾರಕ್ಕೆ ಮೊದಲ ವಾರ ಬದಲಿಸದೆ, ಎರಡನೇ ವಾರ ದಿನಕ್ಕಿಷ್ಟು ಬೆರೆಸುತ್ತಾ ಹೋಗಲು ಹೇಳಿ.